ಯೆಜ್ಡಿ ಬಿಸಿಯಾದ ಮೇಲೆ ರೇಸ್ ಇಳಿಯುತ್ತಿಲ್ಲ: ತಪ್ಪು ಇ20 ಪೆಟ್ರೋಲಿನದ್ದೇನಾ?

ಪ್ರಶ್ನೆ: ಸರ್, ನನ್ನ ಹತ್ತಿರ ಅಪ್ಪ ಓಡಿಸುತ್ತಿದ್ದ 1989ರ ಯೆಜ್ಡಿ ರೋಡ್‌ಕಿಂಗ್ ಇದೆ. ನಮ್ಮದು ತೀರ್ಥಹಳ್ಳಿಯಿಂದ ಒಳಗಿರುವ ಹಳ್ಳಿ. ಪೇಟೆ ಕೆಲಸಕ್ಕೆಲ್ಲ ಅದರಲ್ಲೇ ಹೋಗುತ್ತೇನೆ. ಈ ಸಲ ಮಳೆಗಾಲದಲ್ಲಿ ಅರ್ಧ ಟ್ಯಾಂಕ್ ಪೆಟ್ರೋಲ್ ಇದ್ದ ಹಾಗೇ ಶೆಡ್ಡಿನಲ್ಲಿ ನಿಲ್ಲಿಸಿದ್ದೆ, ನಾಲ್ಕು ತಿಂಗಳು ಮುಟ್ಟಲಿಲ್ಲ. ಈಗ ಕಿಕ್ ಹೊಡೆದು ಹೊಡೆದು ಸ್ಟಾರ್ಟ್ ಮಾಡಬೇಕು. ಕಾರ್ಬೋರೇಟರ್ ಕೆಳಗೆ ಪೆಟ್ರೋಲ್ ತೊಟ್ಟಿಕ್ಕುತ್ತದೆ. ಸ್ವಲ್ಪ ದೂರ ಓಡಿ ಬಿಸಿಯಾದ ಮೇಲೆ ಆಕ್ಸಿಲರೇಟರ್ ಬಿಟ್ಟರೂ ರೇಸ್ ಇಳಿಯುವುದಿಲ್ಲ, ಚೋಕ್ ಹಾಕಿದರೆ ಇಳಿಯುತ್ತದೆ. ಇಲ್ಲಿನ ಮೆಕ್ಯಾನಿಕ್ ಒಬ್ಬರು ‘ಇ20 ಪೆಟ್ರೋಲಿನಿಂದ ಇಂಜಿನ್ ಹೋಗಿದೆ, ಫುಲ್ ಇಂಜಿನ್ ಕೆಲಸ ಮಾಡಿಸಬೇಕು’ ಅಂದರು. ಗೆಳೆಯ ‘2ಟಿ ಆಯಿಲ್ ಜಾಸ್ತಿ ಹಾಕು’ ಅಂತಾನೆ. ಪೆಟ್ರೋಲಿಗೆ ನೀರು ಹಾಕಿ ಎಥನಾಲ್ ಬೇರೆ ಮಾಡುವ ವೀಡಿಯೋ ಕೂಡ ನೋಡಿದೆ. ಇನ್ನೊಬ್ಬರು ಕಾರ್ಬೋರೇಟರನ್ನೇ ಬದಲಾಯಿಸಿ ಪಲ್ಸರಿನದ್ದು ಹಾಕಿಸು ಅನ್ನುತ್ತಾರೆ. ಡಿಸೆಂಬರಿನಲ್ಲಿ ಗೆಳೆಯರ ಜೊತೆ ಆಗುಂಬೆ ಘಾಟಿ ಇಳಿದು ಮಲ್ಪೆಗೆ ಹೋಗುವ ಆಸೆ, ಅವರದ್ದೆಲ್ಲ ಹೊಸ 350 ಸಿಸಿ ಬೈಕುಗಳು. ಏನು ಮಾಡಲಿ?

ಉತ್ತರ:

ಉಳಿದದ್ದೆಲ್ಲ ಆಮೇಲೆ. ಮೊದಲು ಒಂದು ಮಾತು ಕೇಳಿ. ಬಿಸಿಯಾದ ಮೇಲೆ ರೇಸ್ ಇಳಿಯುವುದಿಲ್ಲ, ಚೋಕ್ ಹಾಕಿದರೆ ಇಳಿಯುತ್ತದೆ ಅಂತ ಬರೆದಿದ್ದೀರಲ್ಲ, ಆ ಸ್ಥಿತಿಯಲ್ಲಿ ಗಾಡಿಯನ್ನು ಪೇಟೆಗೂ ತೆಗೆದುಕೊಂಡು ಹೋಗಬೇಡಿ. ಘಾಟಿ ಅಂತೂ ಬೇಡವೇ ಬೇಡ. ಅದು ಟೂ ಸ್ಟ್ರೋಕ್ ಇಂಜಿನ್ ಪಿಸ್ಟನ್ ಜಾಮ್ ಆಗುವ ಮೊದಲು ಕೊಡುವ ಸೂಚನೆ. ಜಾಮ್ ಆದರೆ ಹಿಂದಿನ ಚಕ್ರ ಒಮ್ಮೆಲೇ ಹಿಡಿದುಕೊಳ್ಳುತ್ತದೆ, ತಿರುವಿನಲ್ಲಿ ಹಾಗಾದರೆ ಬೀಳುವುದು ಬಿಟ್ಟು ಬೇರೆ ದಾರಿ ಇರುವುದಿಲ್ಲ.

ಇನ್ನು ನಿಮ್ಮ ಮುಖ್ಯ ಚಿಂತೆ. ಇ20, ಅಂದರೆ ನೂರಕ್ಕೆ 20 ಪಾಲು ಎಥನಾಲ್ ಬೆರೆಸಿದ ಪೆಟ್ರೋಲಿನಿಂದಲೇ ಇಂಜಿನ್ ಹೋಯಿತಾ? ನೀವು ಬರೆದದ್ದನ್ನು ನೋಡಿದರೆ ನನಗೆ ಹಾಗೆ ಅನಿಸುವುದಿಲ್ಲ. ನಿಮ್ಮ ಗಾಡಿಯಲ್ಲಿ ಮೂರು ಬೇರೆ ಬೇರೆ ತೊಂದರೆ ಒಟ್ಟಿಗೆ ಬಂದು ಕೂತಿವೆ. ಸ್ಟಾರ್ಟ್ ಆಗದಿರುವುದು ಒಂದು, ಪೆಟ್ರೋಲ್ ಸೋರುವುದು ಇನ್ನೊಂದು, ರೇಸ್ ಇಳಿಯದಿರುವುದು ಮೂರನೆಯದು. ಮೊದಲ ಎರಡರಲ್ಲಿ ಎಥನಾಲಿನ ಪಾಲಿದೆ. ನಿಜವಾಗಿ ಅಪಾಯ ಇರುವ ಮೂರನೆಯದರಲ್ಲಿ ಅದರ ಪಾಲು ಕಡಿಮೆ. ಈಗ ಯಾವ ಹಳೆಯ ಗಾಡಿ ಕೆಟ್ಟರೂ ಇ20 ಅಂದುಬಿಟ್ಟರೆ ಮಾತು ಮುಗಿಯುತ್ತದೆ, ಅಲ್ವಾ? ಹಾಗೆ ಮುಗಿಸಿದರೆ ನಿಜವಾದ ಕಾರಣ ಒಳಗೇ ಉಳಿಯುತ್ತದೆ. ಫುಲ್ ಇಂಜಿನ್ ಕೆಲಸ ಮಾಡಿಸಿದ ಮೇಲೂ ಅದೇ ತೊಂದರೆ ಇಟ್ಟುಕೊಂಡು ವಾಪಸ್ ಬಂದ ಗಾಡಿಗಳನ್ನು ನಾನು ನೋಡಿದ್ದೇನೆ.

ಇ20 ಏನು ಮಾಡುತ್ತದೆ, ಏನು ಮಾಡುವುದಿಲ್ಲ ಅನ್ನುವುದನ್ನು ಮೊದಲು ಬಿಡಿಸಿಕೊಳ್ಳೋಣ. ನಮ್ಮ ಬಂಕುಗಳ ಪೆಟ್ರೋಲಿನಲ್ಲಿ 2022ರ ಹೊತ್ತಿಗೇ ನೂರಕ್ಕೆ 10 ಪಾಲು ಎಥನಾಲ್ ಇತ್ತು. 2025ರಲ್ಲಿ ಅದು 20 ಆಯಿತು. ಅಂದರೆ ನಿಮ್ಮ ಯೆಜ್ಡಿ ವರ್ಷಗಳಿಂದ ಎಥನಾಲ್ ಕುಡಿಯುತ್ತಲೇ ಇದೆ, ರಾತ್ರೋರಾತ್ರಿ ಬಂದದ್ದಲ್ಲ. ಒಂದು ಲೀಟರ್ ಎಥನಾಲಿನಲ್ಲಿ ಇರುವ ಶಕ್ತಿ ಒಂದು ಲೀಟರ್ ಪೆಟ್ರೋಲಿಗಿಂತ ಮೂರರಲ್ಲಿ ಒಂದು ಭಾಗದಷ್ಟು ಕಡಿಮೆ. ಹಾಗಾಗಿ ಮೈಲೇಜ್ ಸ್ವಲ್ಪ ಬಿದ್ದೇ ಬೀಳುತ್ತದೆ. ಅದು ಸುಳ್ಳಲ್ಲ.

ನಿಮ್ಮಂಥ ಗಾಡಿಗೆ ಮೈಲೇಜಿಗಿಂತ ದೊಡ್ಡ ವಿಷಯ ಗಾಳಿಯ ಲೆಕ್ಕ. ಒಂದು ಕಿಲೋ ಶುದ್ಧ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಎಥನಾಲಿಗೆ 9 ಕಿಲೋ ಸಾಕು. ಇ20ಗೆ ಸುಮಾರು 13.5 ಆಗುತ್ತದೆ. ಹೊಸ ಬೈಕುಗಳಲ್ಲಿ ಸೈಲೆನ್ಸರಿನ ಸೆನ್ಸಾರ್ ನೋಡಿಕೊಂಡು ಕಂಪ್ಯೂಟರ್ ಪೆಟ್ರೋಲ್ ಜಾಸ್ತಿ ಬಿಡುತ್ತದೆ. ನಿಮ್ಮ ಕಾರ್ಬೋರೇಟರಿನಲ್ಲಿ ಪೆಟ್ರೋಲ್ ಬಿಡುವುದು ಹಿತ್ತಾಳೆಯ ಜೆಟ್, ಅದರ ತೂತು ಎಷ್ಟಿದೆಯೋ ಅಷ್ಟೇ. ಹಾಗಾಗಿ ಮಿಕ್ಸ್ಚರ್ ಸ್ವಲ್ಪ ಲೀನ್ ಆಗುತ್ತದೆ, ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಲೀನ್ ಆದ ಟೂ ಸ್ಟ್ರೋಕ್ ಬಿಸಿಯಾಗಿ ಓಡುತ್ತದೆ. ಆದರೆ ಬರೀ ಇ20ಯಿಂದ ಆಗುವ ಈ ವ್ಯತ್ಯಾಸ ಚಿಕ್ಕದು. ಜೆಟ್ ಒಂದು ಸೈಜ್ ದೊಡ್ಡದು ಮಾಡಿದರೆ ಮುಗಿಯಿತು. ಆಕ್ಸಿಲರೇಟರ್ ಬಿಟ್ಟ ಮೇಲೂ ರೇಸ್ ನಿಲ್ಲದಷ್ಟು ಲೀನ್ ಆಗಬೇಕಾದರೆ ಗಾಳಿ ಬೇರೆ ಎಲ್ಲಿಂದಲೋ ಒಳಗೆ ಬರುತ್ತಿರಬೇಕು. ಅದಕ್ಕೆ ಆಮೇಲೆ ಬರುತ್ತೇನೆ.

ಇನ್ನೊಂದು ವಿಷಯ ರಬ್ಬರ್. ಇ20 ತಡೆಯುವ ರಬ್ಬರು, ಪೈಪು ಹಾಕಿ ಗಾಡಿ ತಯಾರಿಸಲು ಶುರುವಾದದ್ದು ಏಪ್ರಿಲ್ 2023ರಿಂದ. ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದೇ 1996ರಲ್ಲಿ. ನಿಮ್ಮ ಗಾಡಿ ತಯಾರಾದಾಗ ಎಥನಾಲ್ ಮಾತೇ ಇರಲಿಲ್ಲ. ಪೆಟ್ರೋಲ್ ಕಾಕ್ ಒಳಗಿನ ಬಿರಡೆ, ವಾಷರ್, ಕಾರ್ಬೋರೇಟರ್ ಗ್ಯಾಸ್ಕೆಟ್, ಹಳೆಯ ಪ್ಲಾಸ್ಟಿಕ್ ಪೈಪು, ಇವೆಲ್ಲ ಎಥನಾಲಿಗೆ ಉಬ್ಬುತ್ತವೆ, ಒಣಗಿದಾಗ ಸುಕ್ಕಾಗುತ್ತವೆ, ಗಟ್ಟಿಯಾಗಿ ಸೀಳುತ್ತವೆ. ಪೈಪನ್ನು ಬೆರಳಿನಿಂದ ಮಡಿಸಿ ನೋಡಿ. ಹಳದಿಯಾಗಿ, ಮಡಿಸಿದ ಕಡೆ ಬಿರುಕು ಕಂಡರೆ ಇವತ್ತೇ ತೆಗೆದು ಹಾಕಿ. ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ಬೀಳುವುದು ಆಟದ ವಿಷಯ ಅಲ್ಲ. ಇಂಜೆಕ್ಷನ್ ಗಾಡಿಗಳಿಗೆ ಬರುವ ಒಳ್ಳೆ ರಬ್ಬರ್ ಪೈಪು ಅಳತೆಗೆ ಕತ್ತರಿಸಿ ಕೊಡುತ್ತಾರೆ, ಅದನ್ನೇ ಹಾಕಿ.

ಈಗ ನಾಲ್ಕು ತಿಂಗಳ ಮಳೆಗಾಲದ ವಿಷಯ. ಎಥನಾಲಿಗೂ ನೀರಿಗೂ ಬಹಳ ನಂಟು. ಗಾಳಿಯ ತೇವ ಎಳೆದುಕೊಂಡು ಎರಡೇ ವಾರದಲ್ಲಿ ಟ್ಯಾಂಕಿನಲ್ಲಿ ನೀರು ತುಂಬುತ್ತದೆ ಅಂತ ಹೇಳುವುದು ಉತ್ಪ್ರೇಕ್ಷೆ. ಇ20 ಲೀಟರಿಗೆ ಕೆಲವು ಎಂಎಲ್ ನೀರನ್ನು ತನ್ನಲ್ಲೇ ಕರಗಿಸಿಕೊಂಡು ಸುಮ್ಮನಿರುತ್ತದೆ, ಇಂಜಿನ್‌ಗೆ ಗೊತ್ತೂ ಆಗುವುದಿಲ್ಲ. ಆದರೆ ಅರ್ಧ ಖಾಲಿ ಟ್ಯಾಂಕ್, ಸವೆದ ಮುಚ್ಚಳದ ರಬ್ಬರ್, ಜೊತೆಗೆ ಮಲೆನಾಡಿನ ಮಳೆ. ಒಳಗಿನ ತಗಡಿನ ಮೇಲೆ ಹನಿಗಟ್ಟಿದ ನೀರು, ಮುಚ್ಚಳದಿಂದ ಇಳಿದ ನೀರು ಎಲ್ಲ ಸೇರಿ ಮಿತಿ ದಾಟಿದರೆ ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ಸೇರಿ ತಳಕ್ಕೆ ಇಳಿಯುತ್ತದೆ. ಪೆಟ್ರೋಲ್ ಕಾಕ್ ಇರುವುದೂ ತಳದಲ್ಲೇ. ಟೂ ಸ್ಟ್ರೋಕ್ ಇಂಜಿನ್‌ಗೆ ಬೇಕಾದ 2ಟಿ ಆಯಿಲನ್ನು ನೀವು ಪೆಟ್ರೋಲಿಗೆ ಬೆರೆಸಿ ಹಾಕುತ್ತೀರಿ. ಆ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ, ತಳದ ಪದರಕ್ಕೆ ಬರುವುದಿಲ್ಲ. ಅಂದರೆ ಇಂಜಿನ್ ಮೊದಲು ಎಳೆದುಕೊಳ್ಳುವುದು ಆಯಿಲೇ ಇಲ್ಲದ ದ್ರವವನ್ನು. ಫೋರ್ ಸ್ಟ್ರೋಕ್ ಗಾಡಿ ಇದರಿಂದ ಮಿಸ್ ಹೊಡೆದು ನಿಲ್ಲುತ್ತದೆ, ಅಷ್ಟೆ. ಟೂ ಸ್ಟ್ರೋಕ್ ಆದರೆ ಬೇರಿಂಗು, ಪಿಸ್ಟನ್ ಎರಡೂ ಒಣಗುತ್ತವೆ.

ಇದನ್ನು ಮನೆಯಲ್ಲೇ ನೋಡಬಹುದು. ಕಾಕ್‌ನಿಂದ ಪೈಪ್ ಬಿಚ್ಚಿ, ಒಂದು ಒಣಗಿದ ಗಾಜಿನ ಬಾಟಲಿಗೆ ಅರ್ಧ ಲೀಟರ್ ಇಳಿಸಿ. ಬೆಂಕಿ, ಬೀಡಿ, ಸ್ವಿಚ್ ಯಾವುದೂ ಹತ್ತಿರ ಇರಬಾರದು. ಒಂದು ಗಂಟೆ ಅಲುಗಾಡಿಸದೆ ಬಿಟ್ಟು, ಬೆಳಕಿಗೆ ಹಿಡಿದು ನೋಡಿ. ಮೇಲೆ 2ಟಿ ಆಯಿಲಿನ ಬಣ್ಣ, ಕೆಳಗೆ ಬಣ್ಣವಿಲ್ಲದ ಒಂದು ಪದರ, ನಡುವೆ ಗೆರೆ ಎಳೆದ ಹಾಗೆ ಕಂಡರೆ ಆ ಪೆಟ್ರೋಲ್ ಪೂರ್ತಿ ಹೊರಗೆ ಹೋಗಬೇಕು. ಹೊಸ ಪೆಟ್ರೋಲ್ ಬೆರೆಸಿ ಸರಿಮಾಡುತ್ತೇನೆ ಅನ್ನಬೇಡಿ, ಆಗುವುದಿಲ್ಲ. ಪದರ ಕಾಣದಿದ್ದರೂ ನಾಲ್ಕು ತಿಂಗಳ ಪೆಟ್ರೋಲನ್ನು ನಾನಾದರೆ ಇಂಜಿನ್‌ಗೆ ಕೊಡುವುದಿಲ್ಲ. ಬೇಗ ಹತ್ತಿಕೊಳ್ಳುವ ಹಗುರ ಅಂಶ ಹಾರಿಹೋಗಿರುತ್ತದೆ. ಸ್ಟಾರ್ಟ್ ಆಗಲು ಬೇಕಾದದ್ದೇ ಅದು.

ಸ್ಟಾರ್ಟಿಂಗ್ ಕಷ್ಟಕ್ಕೆ ಇನ್ನೊಂದು ಕಾರಣವೂ ಇದೆ, ಅದಕ್ಕೂ ಪೆಟ್ರೋಲಿಗೂ ಸಂಬಂಧ ಇಲ್ಲ. ನಿಮ್ಮ ಗಾಡಿಯಲ್ಲಿ ಪಾಯಿಂಟ್ ಇಗ್ನಿಷನ್, ಅಂದರೆ ಎರಡು ಲೋಹದ ಮುಖ ತೆರೆದು ಮುಚ್ಚಿ ಸ್ಪಾರ್ಕ್ ಕೊಡುವ ಹಳೆಯ ವ್ಯವಸ್ಥೆ ಇನ್ನೂ ಇದ್ದರೆ ಮಳೆಗಾಲ ಕಳೆದ ಮೇಲೆ ಪಾಯಿಂಟಿನ ಮುಖದ ಮೇಲೆ ಬೂದು ಪದರ ಕೂತಿರುತ್ತದೆ. ಸ್ಪಾರ್ಕ್ ಬರುತ್ತದೆ, ಆದರೆ ಕೆಂಪಗೆ, ಸಣ್ಣಗೆ. ಸಣ್ಣ ಎಮರಿ ಪೇಪರಿನಿಂದ ಒಮ್ಮೆ ತಿಕ್ಕಿ, ಆಮೇಲೆ ಬಿಳಿ ಕಾಗದ ಎಳೆದು ಒರೆಸಿ, ಗ್ಯಾಪ್ 0.4 ಮಿ.ಮೀ.ಗೆ ಇಡಿ. ಎಷ್ಟೋ ಗಾಡಿ ಇಷ್ಟಕ್ಕೇ ಎರಡನೇ ಕಿಕ್‌ಗೆ ಎದ್ದಿವೆ.

ಕಾರ್ಬೋರೇಟರ್ ಸೋರುವುದಕ್ಕೆ ಬಟ್ಟಲು ಬಿಚ್ಚಿದರೆ ಸಾಕು. ತಳದಲ್ಲಿ ಬಿಳಿ ಪುಡಿ ಕಂಡರೆ ನೀರು ಬಂದಿದೆ ಅಂತ ಖಾತ್ರಿ, ಕಾರ್ಬೋರೇಟರಿನ ಲೋಹ ನೀರಿಗೆ ಹೀಗೇ ಕೊರೆದು ಹೋಗುವುದು. ಬಟ್ಟಲು ತುಂಬಿದಾಗ ಪೆಟ್ರೋಲ್ ತಡೆಯುವ ಫ್ಲೋಟ್ ಸೂಜಿಯ ತುದಿಯಲ್ಲಿ ಉಗುರಿಗೆ ತಗಲುವಂಥ ಗೆರೆ ಬಿದ್ದಿದ್ದರೆ ಸೂಜಿ, ಸೀಟು ಎರಡೂ ಹೊಸದು ಹಾಕಿ. ಹಿತ್ತಾಳೆ ಫ್ಲೋಟ್ ಇದ್ದರೆ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ. ಒಳಗೆ ಪೆಟ್ರೋಲ್ ಸದ್ದು ಬಂದರೆ ತೂತಾಗಿದೆ. ಇದು ಅರ್ಧ ದಿನದ ಕೆಲಸ. ದೊಡ್ಡದೇನೂ ಅಲ್ಲ.

ಈಗ ರೇಸ್ ವಿಷಯ. ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ ಕ್ರ್ಯಾಂಕ್, ಅಂದರೆ ಪಿಸ್ಟನ್ ತಿರುಗಿಸುವ ಶಾಫ್ಟ್ ಇರುವ ಕೆಳಗಿನ ಭಾಗ ಸೈಕಲ್ ಪಂಪಿನ ಹಾಗೆ ಕೆಲಸ ಮಾಡುತ್ತದೆ. ಪಿಸ್ಟನ್ ಮೇಲೆ ಹೋದಾಗ ಕಾರ್ಬೋರೇಟರಿನಿಂದ ಗಾಳಿ ಪೆಟ್ರೋಲ್ ಎಳೆದುಕೊಳ್ಳುತ್ತದೆ, ಕೆಳಗೆ ಬಂದಾಗ ಅದನ್ನು ಮೇಲಕ್ಕೆ ದೂಡುತ್ತದೆ. ಅದಕ್ಕೆ ಆ ಭಾಗ ಗಾಳಿ ಬಿಗಿಯಾಗಿ ಇರಬೇಕು. ಕ್ರ್ಯಾಂಕಿನ ಎರಡೂ ತುದಿಯಲ್ಲಿ ಆಯಿಲ್ ಸೀಲ್ ಇರುವುದು ಅದಕ್ಕೇ. ಒಂದು ಪಾಯಿಂಟ್ ಇರುವ ಕಡೆ, ಇನ್ನೊಂದು ಕ್ಲಚ್ ಕಡೆ. ಹಳೆಯ ಸೀಲಿನ ತುಟಿ ವರ್ಷಗಳಿಂದ ಬಿಸಿಗೆ ಗಟ್ಟಿಯಾಗಿರುತ್ತದೆ. ಗಾಡಿ ತಿಂಗಳುಗಟ್ಟಲೆ ನಿಂತಾಗ ಅದು ಶಾಫ್ಟಿಗೆ ಅಂಟಿಕೊಳ್ಳುತ್ತದೆ, ಶಾಫ್ಟಿನ ಮೇಲೆ ಉಂಗುರದ ಹಾಗೆ ತುಕ್ಕು ಕೂರುತ್ತದೆ. ಮತ್ತೆ ಕಿಕ್ ಹೊಡೆದಾಗ ತುಟಿ ಹರಿಯುತ್ತದೆ. ಕ್ಲಚ್ ಕಡೆ ಸೀಲ್ ಹೋದರೆ ಗೇರ್ ಬಾಕ್ಸಿನ ಆಯಿಲ್ ಒಳಗೆ ಬಂದು ದಟ್ಟ ಬಿಳಿ ಹೊಗೆ, ಗೇರ್ ಆಯಿಲ್ ಮಟ್ಟ ಇಳಿಯುತ್ತಾ ಹೋಗುತ್ತದೆ. ಪಾಯಿಂಟ್ ಕಡೆಯದು ಹೋದರೆ ಹೊಗೆ ಏನೂ ಇಲ್ಲ, ಬರೀ ಗಾಳಿ ಬರುತ್ತದೆ. ನೀವು ಹೊಗೆಯ ಬಗ್ಗೆ ಏನೂ ಬರೆದಿಲ್ಲ, ಚೋಕ್ ಹಾಕಿದರೆ ಇಳಿಯುತ್ತದೆ ಅಂದಿದ್ದೀರಿ. ಚೋಕ್ ಅಂದರೆ ಪೆಟ್ರೋಲ್ ಜಾಸ್ತಿ ಮಾಡುವುದು ತಾನೇ? ಅಂದರೆ ಇಂಜಿನ್‌ಗೆ ಪೆಟ್ರೋಲ್ ಸಾಲುತ್ತಿಲ್ಲ, ಗಾಳಿ ಹೆಚ್ಚಾಗಿದೆ. ನನ್ನ ಅನುಮಾನ ಪಾಯಿಂಟ್ ಕಡೆಯ ಸೀಲಿನ ಮೇಲೆ. ಎರಡನೆಯದು ಕಾರ್ಬೋರೇಟರ್ ಕೂರುವ ಫ್ಲಾಂಜಿನ ಮೇಲೆ. ನಟ್ ಜಾಸ್ತಿ ಬಿಗಿಮಾಡಿ ಮಾಡಿ ಅದು ಬಾಗಿರುತ್ತದೆ, ಗಾಜಿನ ಮೇಲೆ ಎಮರಿ ಪೇಪರ್ ಹಾಸಿ ತಿಕ್ಕಿದರೆ ಎಲ್ಲಿ ತಗ್ಗಿದೆ ಅಂತ ಕಾಣುತ್ತದೆ. ಬಿಚ್ಚುವ ಮೊದಲು ಆಕ್ಸಿಲರೇಟರ್ ಕೇಬಲ್ ಸಿಕ್ಕಿಹಾಕಿಕೊಂಡಿಲ್ಲ ಅಂತ ಒಮ್ಮೆ ನೋಡಿಬಿಡಿ, ಹ್ಯಾಂಡಲ್ ತಿರುಗಿಸಿದಾಗ ರೇಸ್ ಬದಲಾದರೆ ಕೇಬಲ್ಲೇ ಕಾರಣ.

ಇದನ್ನೆಲ್ಲ ಊಹೆಯಲ್ಲಿ ಬಿಡಬೇಕಾಗಿಲ್ಲ, ಪ್ರೆಶರ್ ಟೆಸ್ಟ್ ಅಂತ ಇದೆ. ಯಾರಿಗೆ ಗಾಡಿ ಕೊಟ್ಟರೂ ಇದನ್ನು ಮಾಡಿಸದೆ ಇಂಜಿನ್ ಬಿಚ್ಚಿಸಬೇಡಿ. ಎರಡೂ ಸೈಲೆನ್ಸರ್ ಪೈಪ್ ಬಿಚ್ಚಿ, ಆ ಎರಡು ಬಾಯಿಗೂ ಹಳೆಯ ಟ್ಯೂಬ್ ರಬ್ಬರ್ ಇಟ್ಟು ತಗಡಿನಿಂದ ಬಿಗಿಯಬೇಕು. ಕಾರ್ಬೋರೇಟರ್ ತೆಗೆದು ಅದರ ಜಾಗದಲ್ಲಿ ಒಂದು ನಿಪ್ಪಲ್ ಇರುವ ತಗಡು ಕೂರಿಸಬೇಕು. ಪಿಸ್ಟನ್ ಪೂರ್ತಿ ಕೆಳಗಿರಲಿ. ಗಾಳಿ ತುಂಬಲು ನಾನು ಬಿಪಿ ನೋಡುವ ಯಂತ್ರದ ರಬ್ಬರ್ ಬಲ್ಬು, ಅದರ ಮುಳ್ಳಿನ ಗಡಿಯಾರ ಎರಡನ್ನೂ ಬಳಸುತ್ತೇನೆ. ಮುಳ್ಳು 250ಕ್ಕೆ ಬರುವ ತನಕ ಒತ್ತಿ, ಬಿಟ್ಟು ನೋಡುವುದು. ಅದು ಸುಮಾರು 5 ಪಿಎಸ್‌ಐ, ಅದಕ್ಕಿಂತ ಜಾಸ್ತಿ ಕೊಟ್ಟರೆ ಒಳ್ಳೆ ಸೀಲೂ ಜಾಗ ಬಿಡುತ್ತದೆ. ಒಳ್ಳೆ ಇಂಜಿನ್ನಿನಲ್ಲಿ ಮುಳ್ಳು ನಿಮಿಷಗಟ್ಟಲೆ ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತದೆ. ಕಣ್ಣೆದುರೇ ಜಾರುತ್ತಿದ್ದರೆ ಸೋಪಿನ ನೀರನ್ನು ಬ್ರಷ್‌ನಿಂದ ಹಚ್ಚಿಕೊಂಡು ಹೋಗಿ, ಸಿಲಿಂಡರ್ ಬುಡ, ಹೆಡ್, ಪಾಯಿಂಟಿನ ಹಿಂದೆ, ಕೇಸಿನ ಜೋಡಣೆಯ ಗೆರೆ. ಗುಳ್ಳೆ ಎಲ್ಲಿ ಏಳುತ್ತದೋ ಅಲ್ಲೇ ಕಾಯಿಲೆ. ಕ್ಲಚ್ ಕಡೆಯ ಸೀಲ್ ಕಣ್ಣಿಗೆ ಕಾಣುವುದಿಲ್ಲವಲ್ಲ, ಅದಕ್ಕೆ ಗೇರ್ ಆಯಿಲ್ ಹಾಕುವ ಬಾಯಿ ತೆಗೆದು ಅಲ್ಲಿ ಸೋಪಿನ ಪೊರೆ ಕಟ್ಟಿ ನೋಡಬೇಕು, ಪೊರೆ ಉಬ್ಬಿದರೆ ಗಾಳಿ ಆ ಕಡೆ ಹೋಗುತ್ತಿದೆ ಅಂತ ಅರ್ಥ. ಓಡುತ್ತಿರುವ ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ಚಿಮುಕಿಸಿ ರೇಸ್ ಬದಲಾಗುತ್ತದಾ ನೋಡುವ ರೂಢಿ ಕೆಲವರಿಗಿದೆ. ನಿಮ್ಮ ಗಾಡಿಗೆ ಯಾರನ್ನೂ ಹಾಗೆ ಮಾಡಲು ಬಿಡಬೇಡಿ, ಬೆಂಕಿ ಹತ್ತುತ್ತದೆ.

ಗೆಳೆಯ ಹೇಳಿದ ‘ಆಯಿಲ್ ಜಾಸ್ತಿ ಹಾಕು’ ಅನ್ನುವ ಮಾತು ಒಳ್ಳೆ ಮನಸ್ಸಿನಿಂದ ಬಂದದ್ದೇ. ಆದರೆ ಈ ಹೊತ್ತಿನಲ್ಲಿ ಅದು ತಿರುಗಿ ಹೊಡೆಯುತ್ತದೆ. ಜೆಟ್ಟಿನ ತೂತು ಅಷ್ಟೇ ಇದೆ. ಅದರ ಮೂಲಕ ಆಯಿಲ್ ಜಾಸ್ತಿ ಹೋದರೆ ಪೆಟ್ರೋಲ್ ಕಡಿಮೆ ಹೋಗುತ್ತದೆ. ಮೊದಲೇ ಲೀನ್ ಆಗಿರುವ ಇಂಜಿನ್ ಇನ್ನಷ್ಟು ಲೀನ್. ಮೇಲಿಂದ ಪ್ಲಗ್ ಕಪ್ಪಾಗುತ್ತದೆ, ಸೈಲೆನ್ಸರಿನಲ್ಲಿ ಕಾರ್ಬನ್ ಕಟ್ಟಿಕೊಳ್ಳುತ್ತದೆ. ನಾನು ಓಡುವ ಇಂಜಿನ್‌ಗೆ ಲೀಟರಿಗೆ 30ರಿಂದ 40 ಎಂಎಲ್ ನಡುವೆ ಇಡುತ್ತೇನೆ, ಹೊಸದಾಗಿ ಬೋರ್ ಮಾಡಿಸಿದ್ದರೆ 40ರ ಕಡೆಗೆ. ಅದನ್ನು ಅಂದಾಜಿನಲ್ಲಿ ಸುರಿಯಬಾರದು, ಔಷಧಿ ಬಾಟಲಿಯ ಅಳತೆ ಮುಚ್ಚಳ ಜೇಬಿನಲ್ಲಿ ಇಟ್ಟುಕೊಳ್ಳಿ. ಡಬ್ಬಿಯ ಮೇಲೆ ಜಾಸೋ ಎಫ್‌ಸಿ ಅಥವಾ ಎಫ್‌ಡಿ ಅಂತ ಬರೆದಿರುವ 2ಟಿ ಆಯಿಲ್ ತೆಗೆದುಕೊಳ್ಳಿ. ಫೋರ್ ಸ್ಟ್ರೋಕ್ ಇಂಜಿನ್ ಆಯಿಲ್ ಬೆರೆಸಲೇಬೇಡಿ, ಅದು ಉರಿದು ಹೋಗಲಿ ಅಂತ ಮಾಡಿದ ಆಯಿಲ್ ಅಲ್ಲ.

ನೀರು ಹಾಕಿ ಎಥನಾಲ್ ತೆಗೆಯುವ ವೀಡಿಯೋ ವಿಷಯ. ಬೇರ್ಪಡುವುದು ನಿಜ, ಬಾಟಲಿಯಲ್ಲಿ ನೋಡಿದರೆ ಚೆನ್ನಾಗೇ ಕಾಣುತ್ತದೆ. ಆದರೆ ಎಥನಾಲಿನ ಆಕ್ಟೇನ್, ಅಂದರೆ ಇಂಜಿನ್ ನಾಕ್ ಹೊಡೆಯದ ಹಾಗೆ ತಡೆಯುವ ಗುಣದ ಅಳತೆ, ಸುಮಾರು 108. ಬಂಕಿನ ಪೆಟ್ರೋಲ್ ತನ್ನ ಆಕ್ಟೇನನ್ನು ಅದರಿಂದಲೂ ಪಡೆದಿರುತ್ತದೆ. ಅದನ್ನು ತೆಗೆದರೆ ಉಳಿಯುವುದು ಕಡಿಮೆ ಆಕ್ಟೇನಿನ ಪೆಟ್ರೋಲ್, ಘಾಟಿ ಹತ್ತುವಾಗ ಇಂಜಿನ್ ನಾಕ್ ಹೊಡೆಯುತ್ತದೆ. ಜೊತೆಗೆ ಸ್ವಲ್ಪ ನೀರು ಉಳಿದೇ ಉಳಿಯುತ್ತದೆ. ಮನೆಯ ಜಗಲಿಯಲ್ಲಿ ಕ್ಯಾನ್ ಇಟ್ಟುಕೊಂಡು ಪೆಟ್ರೋಲ್ ಕಲಕುವ ಕೆಲಸವನ್ನು ನಾನು ಯಾರಿಗೂ ಹೇಳುವುದಿಲ್ಲ. ಹಾಗೇ ‘ಪವರ್ ಪೆಟ್ರೋಲ್’ ಹಾಕಿದರೆ ಎಥನಾಲ್ ಇರುವುದಿಲ್ಲ ಅನ್ನುವುದೂ ತಪ್ಪು, 95 ಆಕ್ಟೇನಿನ ಪೆಟ್ರೋಲಿನಲ್ಲೂ ಎಥನಾಲ್ ಇರುತ್ತದೆ. ಅಂಗಡಿಯಲ್ಲಿ ಸಿಗುವ ಎಥನಾಲ್ ಅಡಿಟಿವ್‌ಗಳು ತುಕ್ಕು ತಡೆಯಲು ಸ್ವಲ್ಪ ನೆರವಾಗಬಹುದು. ಹರಿದ ಸೀಲನ್ನು ಯಾವ ಬಾಟಲಿಯೂ ಹೊಲಿಯುವುದಿಲ್ಲ.

ಹಾಗಾದರೆ ಏನು ಮಾಡಿಸಬೇಕು? ಟೆಸ್ಟಿನಲ್ಲಿ ಸೀಲ್ ಹೋಗಿದೆ ಅಂತ ಗೊತ್ತಾದರೆ ಎರಡು ದಾರಿ. ಬರೀ ಸೀಲ್, ಗ್ಯಾಸ್ಕೆಟ್ ಬದಲಾಯಿಸುವುದು, ಇಲ್ಲವೇ ಕ್ರ್ಯಾಂಕ್ ಹೊರತೆಗೆದು ಬೇರಿಂಗ್ ಸಹಿತ ಎಲ್ಲ ಮಾಡಿಸುವುದು. ಯಾವುದು ಅನ್ನುವುದನ್ನು ಕ್ರ್ಯಾಂಕೇ ಹೇಳುತ್ತದೆ. ಪಾಯಿಂಟ್ ಕಡೆಯ ಕವರ್ ತೆಗೆದು, ಶಾಫ್ಟಿನ ತುದಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಆಟ ಕೈಗೆ ತಿಳಿದರೆ ಬೇರಿಂಗ್ ಹೋಗಿದೆ. ಆ ಸ್ಥಿತಿಯಲ್ಲಿ ಬರೀ ಸೀಲ್ ಹಾಕಿಸಿದರೆ ಅಲ್ಲಾಡುವ ಶಾಫ್ಟ್ ಅದನ್ನು ಬೇಗ ತಿಂದು ಹಾಕುತ್ತದೆ, ದುಡ್ಡು ದಂಡ. ಆಟವೇ ಇಲ್ಲ, ಬಿಸಿಯಾದಾಗ ಸಿಲಿಂಡರಿನಿಂದ ಟಕಟಕ ಸದ್ದೂ ಇಲ್ಲ, ಕಂಪ್ರೆಷನ್ ಕಿಕ್ ಹೊಡೆದಾಗ ಕಾಲಿಗೆ ಗಟ್ಟಿಯಾಗಿ ಸಿಗುತ್ತದೆ ಅಂದರೆ ಫುಲ್ ಇಂಜಿನ್ ಕೆಲಸದ ಅಗತ್ಯ ಇಲ್ಲ. ಸೀಲಿನ ಬೆಲೆ ನೂರರ ಲೆಕ್ಕ, ಫುಲ್ ಇಂಜಿನ್ ಸಾವಿರಗಳ ಲೆಕ್ಕ. ಫುಲ್ ಮಾಡಿಸುವುದರಲ್ಲಿ ಇನ್ನೊಂದು ಅಪಾಯ, ಚೆನ್ನಾಗಿದ್ದ ಕಾರ್ಖಾನೆಯ ಪಿಸ್ಟನ್, ರಾಡ್ ತೆಗೆದು ಹಾಕಿ ಅದರ ಜಾಗಕ್ಕೆ ಎಲ್ಲಿಯದೋ ಡೂಪ್ಲಿಕೇಟ್ ಬಂದು ಕೂರುತ್ತದೆ. ಹಳೆಯದು ಒಮ್ಮೆ ಹೋದರೆ ಮತ್ತೆ ಸಿಗುವುದಿಲ್ಲ. ಏನೇ ಬದಲಾಯಿಸಿದರೂ ಹಳೆಯ ಸಾಮಾನನ್ನು ಕೇಳಿ ವಾಪಸ್ ತೆಗೆದುಕೊಳ್ಳಿ.

ಸೀಲ್ ಕೊಳ್ಳುವಾಗ ಒಂದು ಉಪಾಯ. ಯೆಜ್ಡಿ ಸೀಲ್ ಅಂತ ಪ್ಯಾಕೆಟ್ಟಿನಲ್ಲಿ ಬರುವುದರಲ್ಲಿ ಎಷ್ಟೋ ವರ್ಷ ಅಂಗಡಿಯಲ್ಲೇ ಕೂತು ಗಟ್ಟಿಯಾದವೂ ಇರುತ್ತವೆ. ಹಳೆಯ ಸೀಲಿನ ಮುಖದ ಮೇಲೆ ಮೂರು ಅಂಕಿ ಒತ್ತಿರುತ್ತಾರೆ, ಒಳ ಅಳತೆ, ಹೊರ ಅಳತೆ, ದಪ್ಪ. ಅದನ್ನು ಶಿವಮೊಗ್ಗದ ಯಾವುದಾದರೂ ಬೇರಿಂಗ್ ಅಂಗಡಿಗೆ ತೆಗೆದುಕೊಂಡು ಹೋಗಿ ಅದೇ ಅಳತೆಯ ವಿಟಾನ್ ಸೀಲ್ ಕೇಳಿ. ಬಿಸಿಗೂ ಎಥನಾಲಿಗೂ ಅದು ಮಾಮೂಲಿ ರಬ್ಬರಿಗಿಂತ ಚೆನ್ನಾಗಿ ತಡೆಯುತ್ತದೆ. ಕೂರಿಸುವ ಮೊದಲು ಶಾಫ್ಟಿನ ತುಕ್ಕಿನ ಉಂಗುರವನ್ನು ನುಣ್ಣಗಿನ ಎಮರಿಯಿಂದ ಹೊಳೆಯುವ ತನಕ ಒರೆಸಬೇಕು, ತುಟಿಗೆ 2ಟಿ ಆಯಿಲ್ ಹಚ್ಚಬೇಕು. ಈ ಎರಡು ಮಾಡದೆ ಹೊಡೆದು ಕೂರಿಸಿದ ಸೀಲ್ ಮೊದಲ ಕಿಕ್‌ಗೇ ಹೋಗುತ್ತದೆ.

ಪಲ್ಸರ್ ಕಾರ್ಬೋರೇಟರ್ ಹಾಕಿಸುವುದು ಸದ್ಯಕ್ಕೆ ಬೇಡ. ಹಾಕಿಕೊಂಡು ಖುಷಿಯಾಗಿ ಓಡಿಸುವವರು ಇದ್ದಾರೆ, ಸುಳ್ಳು ಹೇಳುವುದಿಲ್ಲ. ಆದರೆ ಫೋರ್ ಸ್ಟ್ರೋಕ್ ಗಾಡಿಯ ಜೆಟ್ಟು, ಸೂಜಿ ಹಾಗೇ ಇಟ್ಟು ಕೂರಿಸಿದರೆ ನಿಮ್ಮ 250 ಸಿಸಿ ಇಂಜಿನ್‌ಗೆ ಪೆಟ್ರೋಲ್ ಸಾಲದೆ ಹೋಗಬಹುದು, ಮತ್ತೆ ಅದೇ ಲೀನ್ ಕಥೆ. ಗಾಳಿ ಬೇರೆ ಕಡೆಯಿಂದ ಬರುತ್ತಿರುವಾಗ ಯಾವ ಕಾರ್ಬೋರೇಟರ್ ಹಾಕಿದರೂ ಟ್ಯೂನ್ ಆಗುವುದಿಲ್ಲ.

ಸೀಲ್ ಕೆಲಸ ಮುಗಿದ ಮೇಲೆ ಇ20ಗೆ ಹೊಂದಿಸುವುದು. ಜೆಟ್ಟಿನೊಳಗೆ ಇಳಿಯುವ ಸೂಜಿಯ (ಫ್ಲೋಟ್ ಸೂಜಿ ಅಲ್ಲ) ಕ್ಲಿಪ್ಪನ್ನು ಒಂದು ಗೀರು ಕೆಳಗೆ ಹಾಕಿ, ಆಗ ಸೂಜಿ ಮೇಲೇಳುತ್ತದೆ, ಅರ್ಧ ಆಕ್ಸಿಲರೇಟರಿನಲ್ಲಿ ಪೆಟ್ರೋಲ್ ಜಾಸ್ತಿ ಬರುತ್ತದೆ. ಮೇನ್ ಜೆಟ್ ಒಂದು ಸೈಜ್ ದೊಡ್ಡದು. ಆಮೇಲೆ ಹೊಸ ಪ್ಲಗ್ ಹಾಕಿ, ನೇರ ರಸ್ತೆಯಲ್ಲಿ ಒಂದೇ ವೇಗದಲ್ಲಿ ನಾಲ್ಕೈದು ಕಿಲೋಮೀಟರ್ ಓಡಿಸಿ, ಕ್ಲಚ್ ಹಿಡಿದು ಅಲ್ಲೇ ಆಫ್ ಮಾಡಿ ಪ್ಲಗ್ ಬಿಚ್ಚಿ ನೋಡಿ. ಪಿಂಗಾಣಿ ಕಂದು ಬಣ್ಣ ಇದ್ದರೆ ಸರಿ. ಬೆಳ್ಳಗೆ ಇದ್ದರೆ ಇನ್ನೊಂದು ಸೈಜ್ ಏರಿಸಿ. ಒದ್ದೆ ಕಪ್ಪು ಇದ್ದರೆ ಜಾಸ್ತಿಯಾಯಿತು, ಆದರೆ ಅದರಿಂದ ಇಂಜಿನ್ ಸಾಯುವುದಿಲ್ಲ, ಹೊಗೆ ಮತ್ತು ಖರ್ಚು ಅಷ್ಟೆ. ಗೊತ್ತಾಗದಿದ್ದಾಗ ಟೂ ಸ್ಟ್ರೋಕನ್ನು ಸ್ವಲ್ಪ ರಿಚ್, ಅಂದರೆ ಪೆಟ್ರೋಲ್ ಜಾಸ್ತಿ ಇರುವ ಕಡೆಗೇ ಬಿಡುವುದು ಒಳ್ಳೆಯದು. ಮುಂದಿನ ಮಳೆಗಾಲಕ್ಕೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಒಳಗೆ ಒಂದಿಷ್ಟು 2ಟಿ ಆಯಿಲ್ ಸುರಿದು ಎಲ್ಲ ಕಡೆ ತಾಗುವಂತೆ ತಿರುಗಿಸಿ, ಕಾರ್ಬೋರೇಟರ್ ಬಟ್ಟಲಿನ ಪೆಟ್ರೋಲನ್ನೂ ಇಳಿಸಿ ನಿಲ್ಲಿಸಿ. ವಾರಕ್ಕೊಮ್ಮೆ ಸುಮ್ನೆ ಸ್ಟಾರ್ಟ್ ಮಾಡಿ ಐದು ನಿಮಿಷ ಬಿಡುವುದರಿಂದ ಒಳಗೆ ನೀರಿನ ಹನಿ ಜಾಸ್ತಿಯಾಗುತ್ತದೆಯೇ ಹೊರತು ಉಪಯೋಗ ಇಲ್ಲ.

ಇನ್ನು ಮಲ್ಪೆ. ಇಷ್ಟೆಲ್ಲ ಆಗಿ, ಮನೆ ಸುತ್ತಮುತ್ತ ಕೆಲವು ವಾರ ತೊಂದರೆ ಇಲ್ಲದೆ ಓಡಿದರೆ ಖಂಡಿತ ಹೋಗಿ ಬನ್ನಿ, ಆ ದಾರಿಗೆ ಇದು ಒಳ್ಳೆ ಗಾಡಿ. ಗೆಳೆಯರಿಗೆ ಹೊರಡುವ ಮೊದಲೇ ಹೇಳಿಬಿಡಿ, ನಿಮ್ಮ ವೇಗ ಗಂಟೆಗೆ 60ರ ಆಸುಪಾಸು ಅಂತ. ಗುಂಪಿನಲ್ಲಿ ನಿಧಾನದ ಗಾಡಿ ಎರಡನೆಯ ಜಾಗದಲ್ಲಿರಬೇಕು, ಮುಂದಿನವನು ಕನ್ನಡಿಯಲ್ಲಿ ಅದನ್ನು ನೋಡಿಕೊಂಡು ವೇಗ ಇಟ್ಟುಕೊಳ್ಳಬೇಕು. ಕೊನೆಯಲ್ಲಿ ಇಟ್ಟರೆ ನೀವು ಹಿಡಿಯಲು ಓಡಿಸುತ್ತಲೇ ಇರುತ್ತೀರಿ, ಹಳೆಯ ಡ್ರಮ್ ಬ್ರೇಕ್ ಇಟ್ಟುಕೊಂಡು ಹಾಗೆ ಓಡಿಸುವುದು ಒಳ್ಳೆಯದಲ್ಲ. ಡಿಸ್ಕ್ ಮತ್ತು ಎಬಿಎಸ್ ಇರುವ ಬೈಕಿನ ಹಿಂದೆ ಹತ್ತಿರ ಹೋಗಬೇಡಿ, ಅವರು ನಿಲ್ಲುವ ದೂರದಲ್ಲಿ ನೀವು ನಿಲ್ಲುವುದಿಲ್ಲ.

ಆಗುಂಬೆಯಲ್ಲಿ 14 ಹೇರ್‌ಪಿನ್ ತಿರುವು. ಇಳಿಯುವಾಗ ನಿಮ್ಮ ಗೆಳೆಯರಿಗೆ ಇಲ್ಲದ ಒಂದು ಕಷ್ಟ ನಿಮಗಿದೆ. ನಿಮ್ಮ ಇಂಜಿನ್‌ಗೆ ಆಯಿಲ್ ಬರುವುದು ಪೆಟ್ರೋಲಿನ ಜೊತೆ. ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಕೆಳಗಿನ ಗೇರಿನಲ್ಲಿ ಇಳಿಯುತ್ತಾ ಹೋದರೆ ಇಂಜಿನ್ ಜೋರಾಗಿ ತಿರುಗುತ್ತದೆ, ಪೆಟ್ರೋಲ್ ಬರುವುದಿಲ್ಲ, ಹಾಗಾಗಿ ಆಯಿಲೂ ಇಲ್ಲ. ಅದಕ್ಕೆ ಆಗಾಗ ಕ್ಲಚ್ ಹಿಡಿದು ಎರಡು ಸಲ ಆಕ್ಸಿಲರೇಟರ್ ಕೊಟ್ಟು ಬಿಡಿ. ತಿರುವಿಗೆ ಮುಂಚೆ ಎರಡೂ ಬ್ರೇಕ್ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ತಿರುವಿನಲ್ಲಿ ಪೂರ್ತಿ ಬಿಡಿ. ಉದ್ದಕ್ಕೂ ಮೆಲ್ಲಗೆ ಒತ್ತಿಕೊಂಡೇ ಇಳಿದರೆ ಡ್ರಮ್ ಕಾದು ಬ್ರೇಕ್ ಹಿಡಿಯದ ಹಾಗೆ ಆಗುತ್ತದೆ. ಸುಟ್ಟ ವಾಸನೆ ಬಂದರೆ ಅಗಲ ಇರುವ ಕಡೆ ನಿಲ್ಲಿಸಿ, ಅದೇ ತಣಿಯಲಿ, ನೀರು ಹಾಕಬೇಡಿ. ಆಫ್ ಮಾಡಿಕೊಂಡು ಇಳಿಯುವುದೂ ಬೇಡ.

ವಾಪಸ್ ಬರುವಾಗ ಘಾಟಿಯ ಬುಡದ ಸೋಮೇಶ್ವರದಲ್ಲೇ ಒಂದು ಹತ್ತು ನಿಮಿಷ ನಿಂತು, ತಣ್ಣಗಿನ ಇಂಜಿನ್‌ನಲ್ಲಿ ಹತ್ತಲು ಶುರುಮಾಡಿ. ಗೇರ್ ಇಳಿಸಲು ಹಿಂಜರಿಯಬೇಡಿ, ಮೂರರಲ್ಲಿ ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಇಂಜಿನ್ ಒದ್ದಾಡಿಸುವುದಕ್ಕಿಂತ ಎರಡರಲ್ಲಿ ಅರ್ಧ ಕೊಟ್ಟು ಹತ್ತುವುದು ಎಷ್ಟೋ ವಾಸಿ. ಇದ್ದಕ್ಕಿದ್ದ ಹಾಗೆ ಯಾರೋ ಹಿಂದಿನಿಂದ ಎಳೆದಂತೆ ಗಾಡಿ ನಿಧಾನವಾದರೆ ಅದು ಪಿಸ್ಟನ್ ಹಿಡಿಯುವ ಮೊದಲ ಕ್ಷಣ. ತಕ್ಷಣ ಕ್ಲಚ್ ಹಿಡಿದು ಎಡಕ್ಕೆ ತೆಗೆದುಕೊಳ್ಳಿ, ಕೈ ಇಡಲು ಆಗುವಷ್ಟು ಸಿಲಿಂಡರ್ ತಣಿಯುವ ತನಕ ಕಿಕ್ ಮುಟ್ಟಬೇಡಿ. ಎಡಗೈಯ ಎರಡು ಬೆರಳು ಕ್ಲಚ್ ಮೇಲೆ ಇಟ್ಟುಕೊಂಡೇ ಘಾಟಿ ಹತ್ತುವುದನ್ನು ರೂಢಿ ಮಾಡಿಕೊಳ್ಳಿ. ಯೆಜ್ಡಿಯಲ್ಲಿ ಕ್ಲಚ್ ಹಿಡಿಯದೆ ಗೇರ್ ಬದಲಾಯಿಸಬಹುದು ಅಂತ ಕೈ ಗ್ರಿಪ್ಪಿನ ಮೇಲೇ ಬಿಟ್ಟು ಕೂರುವವರು ಜಾಸ್ತಿ, ಬೇಕಾದ ಕ್ಷಣಕ್ಕೆ ಆ ಬೆರಳು ಸಿಗುವುದಿಲ್ಲ.